ಸ್ವಿಚ್ಚಿನ ಮೇಲಿನ ಬೊಟ್ಟು

ನಮ್ಮೂರ ಆಸ್ಪತ್ರೆಯ ಹೆರಿಗೆ ವಾರ್ಡಿನ ಮೂಲೆಯಲ್ಲಿ ಒಂದು ಯಂತ್ರ ನಿಂತಿತ್ತು. ಅದಕ್ಕೊಂದು ಹಸಿರು ಬಟ್ಟೆ ಹೊದಿಸಿತ್ತು. ಬಟ್ಟೆ ಎತ್ತಿದರೆ ಎದುರಿಗೇ ಕರಿಯ ಸ್ವಿಚ್ಚು, ಸ್ವಿಚ್ಚಿನ ಮೇಲೆ ಒಂದು ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಆ ಬೊಟ್ಟು ಇಡುತ್ತಿದ್ದವಳು ನಾನು. ಆ ವಾರ್ಡಿನಲ್ಲಿ ನಾನು ಆಯಾ. ಓದು ಎರಡನೇ ಕ್ಲಾಸಿಗೇ ನಿಂತಿತ್ತು. ಆದರೆ ಪೂಜೆಯ ಬಟ್ಟಲು ಹಿಡಿದ ದಿನ ದೊಡ್ಡ ಡಾಕ್ಟರೂ ನನಗೆ ದಾರಿ ಬಿಡುತ್ತಿದ್ದರು.

ಕೂಸುಗಳ ತಕ್ಕಡಿ, ಸ್ಟ್ರೆಚರ್ ಗಾಡಿ, ಕತ್ತರಿ ಬೇಯಿಸುವ ಪೆಟ್ಟಿಗೆ, ಎಲ್ಲಕ್ಕೂ ಬೊಟ್ಟು ಇಟ್ಟು ಸೇವಂತಿಗೆ ಸಿಕ್ಕಿಸುತ್ತಿದ್ದೆ. ಕೊನೆಗೆ ಈ ಯಂತ್ರದ ಹತ್ತಿರ ಬರುತ್ತಿದ್ದೆ. ಬೇರೆಯವುಗಳ ಬೊಟ್ಟು ಮಾರನೆಯ ದಿನ ಕಾಣುತ್ತಿರಲಿಲ್ಲ. ಇದರದು ಮಾತ್ರ ವರ್ಷವಿಡೀ ಆಗತಾನೆ ಇಟ್ಟ ಹಾಗೆ ಇರುತ್ತಿತ್ತು. ಅದನ್ನು ಕಂಡಾಗಲೆಲ್ಲ ನನಗೇನೋ ಒಂದು ಸಮಾಧಾನ.

ಅದು ನೀಲಿ ದೀಪದ ಯಂತ್ರ. ಹುಟ್ಟಿದ ಕೂಸಿಗೆ ಕಾಮಾಲೆ ಕಂಡು ಮೈ ಹಳದಿಯಾದರೆ ಆ ದೀಪದ ಕೆಳಗೆ ಮಲಗಿಸುತ್ತಿದ್ದರು. ಒಂದು ದಿನ ಅದು ಹತ್ತಲಿಲ್ಲ. ಕಂಪನಿಯ ಮೆಕ್ಯಾನಿಕ್ಕು ದೂರದಿಂದ ಬಂದು, ಬಗ್ಗಿ ನೋಡಿ, ಒಳಗಿನದೊಂದು ಭಾಗ ಈಗ ಸಿಗುವುದಿಲ್ಲ ಎಂದು ಹೇಳಿ, ಕಾಫಿ ಕುಡಿದು ಹೋದ. ಆಮೇಲೆ ಯಾರೂ ಬರಲಿಲ್ಲ. ಕೂಸಿನ ಕಣ್ಣು ಹಳದಿಯಾಯಿತೆಂದರೆ ಹೊಲಿಗೆ ಮಾಯದ ಬಾಣಂತಿಯನ್ನು ಬಸ್ಸು ಹತ್ತಿಸಿ ದೊಡ್ಡೂರಿಗೆ ಕಳಿಸಬೇಕಾಗುತ್ತಿತ್ತು. ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಿದ್ದವಳೂ ನಾನೇ.

ನನ್ನ ಮಗ ಮಾದೇಶ ಆಟೋ ಓಡಿಸುತ್ತಿದ್ದ. ಅವನ ಮಗಳು ವನಮಾಲ ಹುಟ್ಟಿದಾಗ ಆ ಯಂತ್ರ ಇನ್ನೂ ಕೆಲಸ ಮಾಡುತ್ತಿತ್ತು. ಅವಳೂ ಅದರ ಕೆಳಗೆ ಮಲಗಿ ಎದ್ದವಳೇ. ಸ್ಕೂಲು ಬಿಟ್ಟ ಮೇಲೆ ನನ್ನ ಡ್ಯೂಟಿ ಮುಗಿಯುವ ತನಕ ವಾರ್ಡಿನ ಹೊರಗೆ ಕೂರುತ್ತಿದ್ದಳು. ನಾನು ಆಚೆ ಈಚೆ ಹೋದರೆ ಬಂದು ಬಟ್ಟೆ ಎತ್ತಿ ನೋಡುವಳು.

"ಅಜ್ಜಿ, ಇದರೊಳಗೆ ಏನೈತೆ?"

"ನೀಲಿ ದೀಪ ಐತೆ ಮಗ."

"ದೀಪ ತಾನೆ? ಒಂದು ದೀಪ ಹತ್ತಿಸೋಕೆ ಈ ಊರಲ್ಲಿ ಯಾರಿಗೂ ಬರಲ್ವಾ?"

ಬಟ್ಟೆ ಸರಿಮಾಡಿ, "ಮುಟ್ಟಬೇಡ, ಬೊಟ್ಟು ಅಳಿಸ್ತದೆ" ಎನ್ನುತ್ತಿದ್ದೆ.

ಪಿಯುಸಿ ಮುಗಿದ ವರ್ಷ ಅವಳು ಬಯೋಮೆಡಿಕಲ್ ಇಂಜಿನಿಯರಿಂಗ್ ಓದುತ್ತೇನೆ ಎಂದಳು. ಆ ಹೆಸರು ನನ್ನ ನಾಲಿಗೆಗೆ ಹತ್ತಲು ಬಹಳ ದಿನ ಬೇಕಾಯಿತು. "ಆಸ್ಪತ್ರೆ ಯಂತ್ರಗಳ ಡಾಕ್ಟ್ರು ಅಂತ ತಿಳ್ಕೊ ಅಜ್ಜಿ" ಎಂದಳು. ಅವಳ ಸೋದರಮಾವ ಕೆಂಪರಾಜು ಅಲ್ಲೇ ಕೂತಿದ್ದ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ನಮ್ಮ ಮನೆಯ ಒಳ್ಳೆಯದು ಕೆಟ್ಟದ್ದು ಯಾವುದೂ ಅವನ ಮಾತಿಲ್ಲದೆ ಮುಗಿಯುತ್ತಿರಲಿಲ್ಲ. "ಡಾಕ್ಟ್ರೂ ಅಲ್ಲ, ಇಂಜಿನಿಯರೂ ಅಲ್ಲ. ಎರಡೂ ಊರಿನ ನಡುವೆ ಬಸ್ಸು ನಿಲ್ಲದ ಸ್ಟಾಪು ಕಣೆ ಅದು" ಎಂದು ನಕ್ಕ.

"ನಾನು ನಿಂತ್ರೆ ಬಸ್ಸೂ ನಿಲ್ತದೆ, ನೋಡ್ತಿರು ಮಾವ" ಎಂದಳು ಹುಡುಗಿ.

ಆ ವಿದ್ಯೆಗೆ ದೊಡ್ಡೂರಿನ ದೊಡ್ಡ ಕಾಲೇಜೇ ಕಾಲೇಜು. ಪಕ್ಕದಲ್ಲೇ ದೊಡ್ಡಾಸ್ಪತ್ರೆ, ಅಲ್ಲಿಯ ಯಂತ್ರಗಳನ್ನು ಕಾಲೇಜಿನ ಮಕ್ಕಳೇ ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದೆವು. ವನಮಾಲಳ ರ‍್ಯಾಂಕಿಗೆ ಅಲ್ಲಿ ಸೀಟು ಸಿಗಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಅವಳು ಅಳಲಿಲ್ಲ. ಊಟದ ತಟ್ಟೆ ತೊಳೆದಿಟ್ಟು ಬಂದು, ಎಲ್ಲರನ್ನೂ ಕೂರಿಸಿಕೊಂಡು, ಒಂದು ದಾರಿ ಇದೆ ಎಂದಳು. ಇದೇ ವಿಷಯ ಇರುವ ಬೇರೆ ಕಾಲೇಜಿಗೆ ಮೊದಲ ವರ್ಷಕ್ಕೆ ಸೇರುವುದು. ಎರಡನೇ ವರ್ಷಕ್ಕೆ ದೊಡ್ಡ ಕಾಲೇಜಿನಲ್ಲಿ ಯಾರಾದರೂ ಬಿಟ್ಟು ಸೀಟು ಖಾಲಿಯಾದರೆ, ಒಳ್ಳೆಯ ಅಂಕವಿದ್ದವರು ಅಲ್ಲಿಗೆ ಬದಲಾಯಿಸಿಕೊಳ್ಳಬಹುದು. ಎರಡೂ ಕಾಲೇಜಿನವರು ಒಪ್ಪಿ ಸಹಿ ಹಾಕಬೇಕು, ಅಷ್ಟೆ.

"ಖಾಲಿ ಆಗದಿದ್ರೆ?" ಎಂದ ಮಾದೇಶ.

"ಅದಕ್ಕೇ ಅಪ್ಪ, ಮೊದಲನೇದನ್ನ ಸರಿಯಾಗಿ ಆರಿಸ್ಬೇಕು. ಅಲ್ಲೇ ಉಳಿದ್ರೂ ಕೆಲಸ ಕಲಿತಿರ್ಬೇಕು."

ಅಂಥ ಕಾಲೇಜು ನಮ್ಮ ಸುತ್ತ ಎರಡಿದ್ದವು. ಒಂದು ಹೊಸದು, ಹೆದ್ದಾರಿಯ ಪಕ್ಕ, ಕಟ್ಟಡದ ಮುಂಭಾಗವೆಲ್ಲ ಗಾಜು. ಜನ ಅದನ್ನು ಗಾಜಿನ ಕಾಲೇಜು ಎನ್ನುತ್ತಿದ್ದರು. ಇನ್ನೊಂದು ಪಕ್ಕದ ಊರಿನಲ್ಲಿ ಮುಚ್ಚಿಹೋದ ನೂಲಿನ ಮಿಲ್ಲಿನ ಶೆಡ್ಡುಗಳಲ್ಲಿ ನಡೆಯುತ್ತಿತ್ತು. ಅದು ಮಿಲ್ಲಿನ ಕಾಲೇಜು. ಕೆಂಪರಾಜು ಗಾಜಿನ ಕಾಲೇಜಿನ ಪರ. "ಅಲ್ಲಿಂದ ಹೋದೋಳು ಅಂದ್ರೆ ದೊಡ್ಡ ಕಾಲೇಜಿನೋರು ಎದ್ದು ಕುರ್ಚಿ ಕೊಡ್ತಾರೆ. ಮಿಲ್ಲಿಂದ ಹೋದ್ರೆ ನೂಲು ಸುತ್ತೋಕೆ ಬಂದವ್ಳೇನೋ ಅಂತಾರೆ" ಎಂದ.

ಸೇರುವುದಕ್ಕೆ ಉಳಿದದ್ದು ಎರಡೇ ದಿನ. ಮಾದೇಶನಿಗೆ ಬಾಡಿಗೆ ಇತ್ತು. ಎರಡನ್ನೂ ನೋಡಿಕೊಂಡು ಬರಲು ವನಮಾಲ ನನ್ನನ್ನು ಹೊರಡಿಸಿದಳು.

"ನಾನು ಬಂದು ಏನು ನೋಡ್ಲಿ ಮಗ?"

"ನೀನು ಬಾ ಅಜ್ಜಿ. ಆಸ್ಪತ್ರೆ ಕಂಡೋಳು ನಮ್ಮನೇಲಿ ನೀನೊಬ್ಳೇ."

ಗಾಜಿನ ಕಾಲೇಜಿನ ಲ್ಯಾಬು ಮದುವೆ ಛತ್ರದಷ್ಟು ದೊಡ್ಡದಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಸಾಲಾಗಿ ಯಂತ್ರಗಳು, ಒಂದಕ್ಕಿಂತ ಒಂದು ಚೆಂದ. ಎದೆಬಡಿತ ಬರೆಯುವುದು, ಉಸಿರು ಊದುವುದು, ನಮ್ಮ ಆಸ್ಪತ್ರೆಯಲ್ಲಿ ನಾನು ಕಾಣದವು. ತಂಪಾದ ಗಾಳಿ ಬೀಸುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಒಂದೊಂದು ಯಂತ್ರದ ಸ್ವಿಚ್ಚಿನ ಮೇಲೂ ದುಂಡಗೆ ಕುಂಕುಮದ ಬೊಟ್ಟು. ಆಯುಧಪೂಜೆ ಹೋಗಿ ಇನ್ನೊಂದು ಪೂಜೆ ಹತ್ತಿರ ಬಂದಿದ್ದರೂ ಒಂದು ಬೊಟ್ಟೂ ಅಳಿಸಿರಲಿಲ್ಲ. ನನಗೆ ನನ್ನ ವಾರ್ಡಿನ ಮೂಲೆ ನೆನಪಾಗಿ ಎದೆ ತುಂಬಿ ಬಂತು. ಸರಿಯಾದ ಜಾಗಕ್ಕೇ ಬಂದಿದ್ದೇವೆ ಅನ್ನಿಸಿತು.

ಹೊರಗೆ ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿದೆ: "ಏನು ಭಕ್ತಿ ನೋಡು ಮಗ. ಇಷ್ಟು ದಿನ ಆದ್ರೂ ಬೊಟ್ಟು ಹಂಗೇ ಕಾಪಾಡವ್ರೆ. ಇಲ್ಲೇ ಸೇರ್ಕೊ."

ವನಮಾಲ ನನ್ನ ಮುಖ ನೋಡಿ ಮೆಲ್ಲಗೆ ನಕ್ಕಳು. "ನಾನೂ ಅದನ್ನೇ ನೋಡ್ದೆ ಅಜ್ಜಿ. ನಿನ್ನ ವಾರ್ಡಿನ ತಕ್ಕಡಿಗೆ ಬೊಟ್ಟು ಇಡ್ತೀಯಲ್ಲ, ಅದು ಎಷ್ಟು ದಿನ ಇರ್ತದೆ?"

"ಎಲ್ಲಿರ್ತದೆ? ಮಾರನೇ ದಿನಾನೇ ಹೋಯ್ತದೆ. ಎಲ್ರೂ ಮುಟ್ತಾರಲ್ಲ."

"ಮತ್ತೆ ನೀಲಿ ದೀಪದ್ದು?"

ನಾನು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಇಷ್ಟು ವರ್ಷ ನನ್ನ ಕೈಯಾರೆ ಇಟ್ಟ ಬೊಟ್ಟು ಏನು ಹೇಳುತ್ತಿತ್ತು ಎಂಬುದು ಆ ಬಸ್‌ಸ್ಟಾಪಿನಲ್ಲಿ, ನಾನು ಎತ್ತಿ ಆಡಿಸಿದ ಹುಡುಗಿಯಿಂದ ನನಗೆ ತಿಳಿಯಿತು. ಆ ಚೆಂದದ ಲ್ಯಾಬಿನ ಸ್ವಿಚ್ಚುಗಳನ್ನು ವರ್ಷವಿಡೀ ಒಂದು ಬೆರಳೂ ಒತ್ತಿರಲಿಲ್ಲ.

ಮಿಲ್ಲಿನ ಕಾಲೇಜಿಗೆ ಮಧ್ಯಾಹ್ನ ಹೋದೆವು. ಶೆಡ್ಡಿನ ಒಳಗೆ ಸೆಕೆ, ಮೇಲೆ ತಗಡು. ಮೇಜುಗಳ ಮೇಲೆ ಯಂತ್ರಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಸುತ್ತ ಮಕ್ಕಳು, ಒಬ್ಬನ ಹಲ್ಲಿನಲ್ಲಿ ವೈರು, ಇನ್ನೊಬ್ಬಳ ಜಡೆಯಲ್ಲಿ ಸ್ಕ್ರೂಡ್ರೈವರ್. ಸ್ವಿಚ್ಚುಗಳ ಸಂದಿಯಲ್ಲಿ ಕುಂಕುಮದ ಕೆಂಪು ಗೆರೆಯಾಗಿ ಉಳಿದಿತ್ತು, ಬೊಟ್ಟು ಎಲ್ಲೂ ಇರಲಿಲ್ಲ. ವನಮಾಲ ನನ್ನ ಕೈ ಒತ್ತಿದಳು.

ಆ ವಿಭಾಗಕ್ಕೆ ಫಕ್ರುದ್ದೀನ್ ಎಂಬ ಮೇಷ್ಟ್ರು ಮುಖ್ಯಸ್ಥರು. ತೋಳು ಮಡಿಸಿದ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು, ಬಡಗಿಯ ಹಾಗೆ. ಬದಲಾಯಿಸಿಕೊಳ್ಳುವ ವಿಚಾರ ಅಲ್ಲಿ ಉಸಿರೆತ್ತಬೇಡ ಎಂದು ಮನೆಯವರೆಲ್ಲ ಹುಡುಗಿಗೆ ಹೇಳಿ ಕಳಿಸಿದ್ದರು. ಅವಳು ಅವರ ಎದುರು ನಿಂತು ಮೊದಲು ಹೇಳಿದ್ದೇ ಅದನ್ನು.

"ಸರ್, ನಾನು ಒಂದು ವರ್ಷಕ್ಕೆ ಅಂತ ಬರ್ತಾ ಇದೀನಿ. ಸೀಟು ಸಿಕ್ಕಿದ್ರೆ ದೊಡ್ಡ ಕಾಲೇಜಿಗೆ ಹೋಗ್ತೀನಿ."

ನಾನು ಹಿಂದಿನಿಂದ ಚಿವುಟಿದೆ. ಅವಳು ಅಲುಗಲಿಲ್ಲ. ಮೇಷ್ಟ್ರು ಪೆನ್ಸಿಲ್ಲು ತೆಗೆದು ತಲೆ ಕೆರೆದುಕೊಂಡು ನಕ್ಕರು. "ಇಲ್ಲಿಗೆ ಬರೋ ಮಕ್ಕಳೆಲ್ಲ ಹಂಗೇ ಅಂದ್ಕೊಂಡು ಬರ್ತಾರೆ ಕಣಮ್ಮ. ಬಾಯಿಬಿಟ್ಟು ಹೇಳಿದ್ದು ನೀನೇ ಮೊದಲು. ಒಂದು ವರ್ಷ ಅಂದ್ರೆ ಒಂದು ವರ್ಷ. ಆದ್ರೆ ಅಷ್ಟರಲ್ಲಿ ಎರಡು ವರ್ಷದ ಕೆಲಸ ತಗೋತೀನಿ, ಆಗ್ಬೋದಾ?"

"ಆಗ್ಬೋದು ಸರ್."

ನನ್ನ ಕಡೆ ತಿರುಗಿ, "ಹುಡುಗಿ ನಿಮ್ಮ ಮೊಮ್ಮಗಳಾ ಅಮ್ಮ? ನವರಾತ್ರಿಗೆ ಬನ್ನಿ. ಇಲ್ಲಿ ಪೂಜೆ ಹುಡುಗರದು, ಪುರಿ ಬೆಲ್ಲ ಹಂಚೋದು ನಾನು" ಎಂದರು.

ಅಂದು ಸಂಜೆ ಮನೆಯಲ್ಲಿ ಕೆಂಪರಾಜು ಕುಣಿದಾಡಿಬಿಟ್ಟ. "ಕುಂಕುಮ ನೋಡಿ ಕಾಲೇಜು ಸೇರಿಸ್ತಾರಾ ಯಾರಾದ್ರೂ? ಇದೇನು ಹೆಣ್ಣು ನೋಡೋ ಶಾಸ್ತ್ರನಾ? ಅತ್ತೆ, ನೀವಾದ್ರೂ ಹೇಳ್ಬಾರ್ದಾ?"

"ನಾನು ಹೇಳಿದ್ನಪ್ಪ, ಗಾಜಿನದಕ್ಕೇ ಸೇರ್ಕೊ ಅಂತ. ಅವಳು ಹೇಳಿದ ಮೇಲೆ ನಾನು ನೋಡಿದ್ದು ತಪ್ಪು ಅಂತ ತಿಳೀತು" ಎಂದೆ.

ಮಾದೇಶ ಎದ್ದು ಹೊರಗೆ ಹೋಗಿ ತನ್ನ ಆಟೋದ ಹ್ಯಾಂಡಲ್ಲು ಮುಟ್ಟಿ ನೋಡಿ ಬಂದು, "ನಂದ್ರಲ್ಲೂ ಬೊಟ್ಟಿಲ್ಲ ಭಾವ" ಎಂದ. ಅಲ್ಲಿಗೆ ತೀರ್ಮಾನವಾಯಿತು.

ವನಮಾಲ ಬೆಳಗಿನ ಮೊದಲ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಉಗುರಿನ ಸಂದಿ ಕಪ್ಪು, ಮೈಯಲ್ಲಿ ಸುಟ್ಟ ವೈರಿನ ವಾಸನೆ. "ಯಂತ್ರಗಳೆಲ್ಲ ಹೆಂಗಿವೆ?" ಎಂದರೆ, "ಚೆನ್ನಾಗವೆ ಅಜ್ಜಿ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಅವಳ ತಾಯಿ ಜಯಶೀಲ, "ಏನೋ ಮುಚ್ಚಿಡ್ತಾಳೆ ಅತ್ತೆ ಇವಳು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ವಾರ್ಡಿನಲ್ಲಿ ಕಲಿತದ್ದು ಕಾಯುವುದೊಂದನ್ನೇ. ಹೆರಿಗೆಗೂ ಮಾತಿಗೂ ಹೊತ್ತು ಬರಬೇಕು ಎಂದು ಸುಮ್ಮನಿದ್ದೆ.

ಆ ವರ್ಷದ ಆಯುಧಪೂಜೆಗೆ ಬಟ್ಟಲು ಹಿಡಿದು ವಾರ್ಡಿನ ಮೂಲೆಗೆ ಹೋದರೆ ಯಂತ್ರ ಇರಲಿಲ್ಲ. ಗೋಡೆಯ ಮೇಲೆ ಅದರ ಆಕಾರದಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಉಪಯೋಗಕ್ಕೆ ಬಾರದ ಸಾಮಾನೆಲ್ಲ ಹಿಂದಿನ ವಾರ ಸಾಗಿಸಿಬಿಟ್ಟರು ಎಂದು ನರ್ಸು ಹೇಳಿದಳು. ಹಸಿರು ಬಟ್ಟೆಯೂ ಹೋಗಿತ್ತು. ಅದರ ಅಂಚು ಹರಿದಾಗ ನಾನೇ ಕೆಂಪು ದಾರದಲ್ಲಿ ಹೊಲಿದು ಕೊಟ್ಟಿದ್ದೆ. ಖಾಲಿ ಗೋಡೆಗೆ ಬೊಟ್ಟು ಇಡಲಾಗುತ್ತದೆಯೇ? ಬಟ್ಟಲಲ್ಲಿ ಕುಂಕುಮ ಮಿಕ್ಕಿತು.

ಮನೆಗೆ ಬಂದು, "ನಿನ್ನ ನೀಲಿ ದೀಪ ಗುಜರಿಗೆ ಹೋಯ್ತು ಕಣೆ" ಎಂದೆ. ವನಮಾಲ ತಲೆ ಬಗ್ಗಿಸಿ ಪುರಿ ತಿನ್ನುತ್ತಿದ್ದಳು. "ಹೋಗ್ಲಿ ಬಿಡಜ್ಜಿ" ಎಂದಳು. ನನಗೆ ಆ ಮಾತು ನಾಟಿತು. ಯಾವುದರ ಬೆಳಕಿನಲ್ಲಿ ಬದುಕಿ ಉಳಿದಳೋ ಅದರ ಮೇಲೆ ಇಷ್ಟೇನಾ ಇವಳ ಮಮತೆ ಎಂದುಕೊಂಡೆ.

ವರ್ಷ ತುಂಬಿತು. ಪರೀಕ್ಷೆಯಲ್ಲಿ ಅವಳೇ ಮೊದಲು. ದೊಡ್ಡ ಕಾಲೇಜಿನಲ್ಲಿ ಎರಡನೇ ವರ್ಷದ ಬಯೋಮೆಡಿಕಲ್‌ನಲ್ಲಿ ಒಂದೇ ಒಂದು ಸೀಟು ಖಾಲಿಯಾಯಿತು. ಅವರು ಇವಳಿಗೆ ಕೊಡಲು ಒಪ್ಪಿದರು. ಉಳಿದದ್ದು ಮಿಲ್ಲಿನ ಕಾಲೇಜಿನ ಸಹಿ. ಅಲ್ಲಿ ಬಿಕ್ಕಟ್ಟಾಯಿತು. ಮೊದಲು ಬಂದ ಹುಡುಗಿಯನ್ನೇ ಬಿಟ್ಟುಕೊಟ್ಟರೆ ಮುಂದಿನ ವರ್ಷ ಯಾರು ಸೇರುತ್ತಾರೆ, ಬಿಡಬೇಡಿ ಎಂದು ಕಾಲೇಜಿನ ಕಮಿಟಿಯವರು ಫಕ್ರುದ್ದೀನ್ ಮೇಷ್ಟ್ರಿಗೆ ಹೇಳಿದ್ದರಂತೆ. ಅವರು ಒಪ್ಪಿ ಕಳಿಸಿದರೆ ಮಾತ್ರ ಪ್ರಿನ್ಸಿಪಾಲರು ಸಹಿ ಹಾಕುವುದು. ಮೇಷ್ಟ್ರು, "ಅಜ್ಜೀನ ಕರ್ಕೊಂಡು ಬಾ" ಎಂದು ಹೇಳಿ ಕಳಿಸಿದರು.

ಮಾದೇಶನ ಆಟೋದಲ್ಲಿ ಹೋದೆವು. ಜಗಳ ಬಿದ್ದರೆ ಇರಲಿ ಎಂದು ಕೆಂಪರಾಜುವೂ ಹತ್ತಿಕೊಂಡ. ದಾರಿಯುದ್ದಕ್ಕೂ, "ಅವತ್ತೇ ಬಾಯಿ ಮುಚ್ಕೊಂಡಿದ್ರೆ ಇವತ್ತು ಈ ಗತಿ ಬರ್ತಿತ್ತಾ?" ಎಂದು ಹುಡುಗಿಯನ್ನು ಬೈದ. ಅವಳು ಹೊರಗೆ ನೋಡುತ್ತ ಕೂತಿದ್ದಳು. ನಾನು ಅವಳ ಕೈ ಹಿಡಿದಿದ್ದೆ.

ಶೆಡ್ಡಿನಲ್ಲಿ ಮೇಷ್ಟ್ರು ನಮಗೆ ಸ್ಟೂಲು ಹಾಕಿಸಿದರು. "ಮೊದಲು ಮನೆಯೋರಿಗೆ ನಿಜ ಹೇಳಮ್ಮ" ಎಂದರು ವನಮಾಲಳಿಗೆ.

ಅವಳು ನನ್ನನ್ನೇ ನೋಡುತ್ತ ಹೇಳಿದಳು: "ಅಜ್ಜಿ, ಹೋದ ವರ್ಷ ನಾವು ಬಂದಾಗ ಇಲ್ಲಿ ನೋಡಿದ್ವಲ್ಲ ಯಂತ್ರಗಳು, ಅದ್ರಲ್ಲಿ ಒಂದೂ ಓಡ್ತಿರ್ಲಿಲ್ಲ. ಎಲ್ಲಾ ಸತ್ತವು. ಸೇರಿದ ವಾರಾನೇ ನಂಗೆ ಗೊತ್ತಾಯ್ತು. ಮಾವ ಆಡ್ಕೋತಾರೆ ಅಂತ ಹೇಳ್ಲಿಲ್ಲ."

ಕೆಂಪರಾಜು ತೊಡೆ ತಟ್ಟಿದ. "ನಾನು ಹೇಳಿರ್ಲಿಲ್ವಾ! ಅಲ್ಲಿ ಬೊಟ್ಟು ಉಳಿದಿತ್ತು, ಯಂತ್ರ ಬದುಕಿತ್ತು. ಇಲ್ಲಿ ಬೊಟ್ಟೂ ಇಲ್ಲ, ಯಂತ್ರಾನೂ ಇಲ್ಲ!"

"ನಿಜ ಸ್ವಾಮಿ" ಎಂದರು ಮೇಷ್ಟ್ರು ಶಾಂತವಾಗಿ. "ಹೊಸಾ ಯಂತ್ರ ತರೋ ತಾಕತ್ತು ಈ ಕಾಲೇಜಿಗಿಲ್ಲ. ಆಸ್ಪತ್ರೆಗಳು ಬಿಸಾಕಿದ್ದನ್ನ ಕೇಳ್ಕೊಂಡು ತರ್ತೀವಿ. ಇವತ್ತು ಹತ್ತುತ್ತಾ, ಇವತ್ತು ಹತ್ತುತ್ತಾ ಅಂತ ಮಕ್ಕಳು ದಿನಾ ಸ್ವಿಚ್ಚು ಒತ್ತಿ ಒತ್ತಿ ನೋಡ್ತಾರೆ. ಬೊಟ್ಟು ಅಳಿಸಿರೋದು ಅದಕ್ಕೆ."

ಅವರು ಎದ್ದು ಶೆಡ್ಡಿನ ಕೊನೆಗೆ ಕರೆದುಕೊಂಡು ಹೋದರು. ಅಲ್ಲೊಂದು ಯಂತ್ರ, ಮೇಲೆ ಹಸಿರು ಬಟ್ಟೆ. ಒಗೆದು ಇಸ್ತ್ರಿ ಹಾಕಿದ್ದರು. ಆದರೂ ಅಂಚಿನ ಕೆಂಪು ದಾರದ ಹೊಲಿಗೆ ನನ್ನ ಕಣ್ಣು ತಪ್ಪಲಿಲ್ಲ. ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು.

"ಗುಜರಿಗೆ ಅಲ್ಲ ಅಜ್ಜಿ ಹೋಗಿದ್ದು" ಎಂದಳು ವನಮಾಲ. "ಸಾಗಿಸ್ತಾರೆ ಅಂತ ಗೊತ್ತಾದಾಗ ಸರ್‌ಗೆ ಹೇಳ್ದೆ. ಅವರು ದೊಡ್ಡ ಡಾಕ್ಟ್ರನ್ನ ಕೇಳಿ ಇಲ್ಲಿಗೆ ತರಿಸಿದ್ರು. ಹತ್ತದಿದ್ರೆ ನಿಂಗೆ ಎರಡು ಸಲ ನೋವಾಗ್ತದೆ ಅಂತ ಸುಮ್ಮನಿದ್ದೆ."

ಅವಳೂ ಜೊತೆಯ ಮಕ್ಕಳೂ ಸೇರಿ ಇಲಿ ಕಡಿದ ವೈರು ಬದಲಾಯಿಸಿದ್ದರು. ಹಿಡಿದುಕೊಂಡ ಫ್ಯಾನು ಬಿಡಿಸಿದ್ದರು. ಸಿಗುವುದೇ ಇಲ್ಲ ಎಂದು ಆ ಮೆಕ್ಯಾನಿಕ್ಕು ಹೇಳಿದ್ದ ಭಾಗ, ಪಕ್ಕದ ಮೇಜಿನ ಇನ್ನೊಂದು ಸತ್ತ ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿತ್ತು. ದೀಪಗಳನ್ನು ಹೊಸದಾಗಿ ಹಾಕಿ, ಕೂಸಿಗೆ ಬೇಕಾದಷ್ಟೇ ಬೆಳಕು ಬೀಳುತ್ತದೆಯೇ ಎಂದು ಅಳೆದು, ನಮ್ಮ ಆಸ್ಪತ್ರೆಯ ಮಕ್ಕಳ ಡಾಕ್ಟರನ್ನೇ ಕರೆಸಿ ತೋರಿಸಿದ್ದರು. ಅವರು ಒಪ್ಪಿದ್ದರು.

"ಒತ್ತಜ್ಜಿ" ಎಂದಳು.

ಬೊಟ್ಟು ಇಡಲು ಮಾತ್ರ ಆ ಸ್ವಿಚ್ಚು ಮುಟ್ಟಿದವಳು ನಾನು. ಅಂದು ಒತ್ತಿದೆ. ಟಕ್ ಎಂದಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೀಪಗಳು ಒಂದೆರಡು ಸಲ ಮಿಟುಕಿ, ನೀಲಿ ಬೆಳಕು ಹರಿದು ಎಲ್ಲರ ಮುಖದ ಮೇಲೆ ಬಿತ್ತು. ಕೆಂಪರಾಜುವಿನ ಬಿಳಿ ಅಂಗಿಯೂ ನೀಲಿಯಾಯಿತು. ಅವನು ಬಹಳ ಹೊತ್ತು ನೋಡಿ, "ಹಾಳಾದ್ದು, ಚೆನ್ನಾಗೈತೆ" ಎಂದ. ಅಷ್ಟು ಕಡಿಮೆ ಮಾತಿನಲ್ಲಿ ಅವನು ಏನನ್ನಾದರೂ ಮುಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೇಷ್ಟ್ರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದಿಟ್ಟು, ಜೇಬಿನಿಂದ ಪೆನ್ನು ತೆಗೆದು, ಅರ್ಜಿ ಕೇಳಿದರು.

"ಕಮಿಟಿಯೋರು ಬೇಡ ಅಂದಿದ್ರಂತಲ್ಲ ಸರ್?" ಎಂದ ಮಾದೇಶ ಅಳುಕುತ್ತ.

"ಅವಳು ಹೇಳಿ ಬಂದವಳು. ಹೇಳಿ ಬಂದವಳನ್ನ ತಡೆದ್ರೆ, ನಾಳೆ ಹೇಳದೆ ಬರೋರನ್ನ ನಾನು ಯಾವ ಬಾಯಲ್ಲಿ ಕೇಳ್ಲಿ? ಅವರಿಗೆ ಈ ದೀಪ ತೋರಿಸ್ತೀನಿ. ಒಂದು ವರ್ಷ ಇದ್ದು ಹೋದ ಹುಡುಗಿ ಏನು ಮಾಡಿ ಹೋದ್ಲು ಅಂತ ಊರು ನೋಡ್ಲಿ. ಸೇರೋರು ಸೇರ್ತಾರೆ."

ವನಮಾಲ ಅರ್ಜಿ ಕೈಯಲ್ಲೇ ಹಿಡಿದು ನಿಂತಳು. ಮೊದಲ ಸಲ ಅವಳ ದನಿ ಇಳಿದದ್ದು ಕೇಳಿದೆ. "ಸರ್, ನಾನು ಇಲ್ಲೇ ಇದ್ದುಬಿಡ್ಲಾ?"

"ಯಾಕೆ? ನನ್ನ ಪುರಿ ಬೆಲ್ಲದ ಆಸೆಗಾ?" ಎಂದು ಅವರು ಕೈ ಚಾಚಿ ಅರ್ಜಿ ಎಳೆದುಕೊಂಡರು. "ಇಲ್ಲಿ ಸತ್ತದ್ದನ್ನ ಎಬ್ಬಿಸೋದು ಕಲಿತೆ. ನನ್ನ ಹತ್ರ ಇರೋದು ಅಷ್ಟೆ. ಅಲ್ಲಿ ಬದುಕಿರೋ ಯಂತ್ರಗಳವೆ, ಅದರ ಕೆಳಗೆ ಬದುಕಿರೋ ಜನ ಮಲಗವ್ರೆ. ಕೆಡದ ಹಾಗೆ ನೋಡ್ಕೊಳ್ಳೋದು ಇದಕ್ಕಿಂತ ಕಷ್ಟದ ವಿದ್ಯೆ. ಹೋಗಿ ಅದನ್ನ ಕಲಿ." ಬರೆದು, ಅದನ್ನು ಗಾಳಿಗೆ ಬೀಸಿ ಒಣಗಿಸಿ ಕೊಟ್ಟರು. ಅಂದೇ ಪ್ರಿನ್ಸಿಪಾಲರ ಸಹಿಯೂ ಆಯಿತು.

ಅವಳು ದೊಡ್ಡೂರಿಗೆ ಹೋದಳು. ಬಸ್ಸಿನ ಕಿಟಕಿಯಿಂದ ಕೈ ಬೀಸುವಾಗ ಅಳಲಿಲ್ಲ, ನಾನೂ ಅಳಲಿಲ್ಲ. ಅದೇ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಬಾಣಂತಿಯರನ್ನು ಬಸ್ಸು ಹತ್ತಿಸಿದ್ದೆ. ಅಲ್ಲಿಂದ ಹಗುರಾದ ಎದೆಯಲ್ಲಿ ನಡೆದು ಬಂದದ್ದು ಅಂದೇ. ಅದಕ್ಕೆ ಎರಡು ದಿನ ಮುಂಚೆ ಯಂತ್ರ ನಮ್ಮ ವಾರ್ಡಿನ ಮೂಲೆಗೆ, ಗೋಡೆಯ ಬಿಳಿಯ ಗುರುತಿನ ಎದುರಿಗೆ, ತನ್ನ ಜಾಗಕ್ಕೇ ಬಂದು ನಿಂತಿತ್ತು.

ಆ ನವರಾತ್ರಿಯಲ್ಲಿ ನಾನು ಮತ್ತೆ ಬಟ್ಟಲು ಹಿಡಿದು ಹೋದೆ. ನನ್ನ ಕೆಲಸದ ಕೊನೆಯ ಆಯುಧಪೂಜೆ ಅದು. ಹಸಿರು ಬಟ್ಟೆ ಮಡಿಚಿ ಕಪಾಟಿನಲ್ಲಿತ್ತು. ದೀಪದ ಕೆಳಗೆ ಯಾರದೋ ಕೂಸು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಮುಷ್ಟಿ ಬಿಗಿದು ಮಲಗಿತ್ತು. ಹಾಲು ಕುಡಿಸಲು ನರ್ಸು ಅದನ್ನು ಎತ್ತಿಕೊಂಡು ದೀಪ ಆರಿಸಿದ ಹೊತ್ತಿನಲ್ಲಿ, ಮೊದಲಿನ ಹಾಗೇ ಸ್ವಿಚ್ಚಿನ ನಡುವೆ ದುಂಡಗೆ ಒಂದು ಬೊಟ್ಟು ಇಟ್ಟೆ. ಕೈಮುಗಿದು ಬಂದೆ.

ಮಾರನೆಯ ಬೆಳಿಗ್ಗೆ ವಾರ್ಡು ಒರೆಸಲು ಹೋದಾಗ ದೀಪ ಉರಿಯುತ್ತಿತ್ತು. ಸ್ವಿಚ್ಚಿನ ಮೇಲೆ ಬೊಟ್ಟು ಇರಲಿಲ್ಲ. ಕೂಸಿಗೆ ಹಾಸಿದ್ದ ಬಿಳಿಯ ಬಟ್ಟೆಯ ತುದಿಯಲ್ಲಿ, ಯಾರೋ ಅವಸರದಲ್ಲಿ ಸರಿಮಾಡಿದ ಕಡೆ, ಒಂದು ಬೆರಳಿನ ಗುರುತು ತೆಳ್ಳಗೆ ಕೆಂಪಾಗಿ ಮೂಡಿತ್ತು.